ವಿಳಾಸವೂ ಗುರುತೂ

ಓಲೆಗರಿಯ ಕಾಲದ ಲಿಪಿಕಾರನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಅವನ ಮುಂದೆ ವ್ಯಾಸಪೀಠದ ಮೇಲೆ ಒಂದು ಮೂಲಪ್ರತಿ, ಕೈಯಲ್ಲಿ ಕಂಟ. ದಿನಕ್ಕೆ ಇಷ್ಟು ಗರಿಗಳೆಂದು ಅವನು ನಕಲು ಮಾಡುತ್ತಿದ್ದಾನೆ. ನಲವತ್ತನೆಯ ಗರಿ ಮುಗಿದ ರಾತ್ರಿ ಮಠದವರು ಮೂಲಪ್ರತಿಯನ್ನು ಬೇರೊಂದು ಕೋಣೆಗೆ ಸಾಗಿಸುತ್ತಾರೆ. ಮರುದಿನ ಬೆಳಗ್ಗೆ ಅವನು ಬಂದು ನೋಡಿದರೆ ವ್ಯಾಸಪೀಠ ಬರಿದು. ಯಾರಾದರೂ ಹೊಸ ಕೋಣೆಯನ್ನು ತೋರಿಸಿದರೆ ಅಲ್ಲಿಗೆ ಹೋಗಿ ನಲವತ್ತೊಂದನೆಯ ಗರಿಯಿಂದ ಮುಂದುವರಿಯುವುದು ಸಹಜವಾದ ಕ್ರಮ. ಆದರೆ ಆ ಲಿಪಿಕಾರನು, ಕೋಣೆ ಬೇರೆಯಾದುದರಿಂದ ಗ್ರಂಥವೂ ಬೇರೆಯೇ ಇರಬೇಕೆಂದು ಬಗೆದು, ಮೊದಲನೆಯ ಗರಿಯಿಂದ ಮತ್ತೆ ಬರೆಯತೊಡಗಿದರೆ ಏನಾದೀತು? ಅಥವಾ ಬರಿದಾದ ವ್ಯಾಸಪೀಠದ ಎದುರು, ಇಂದಲ್ಲ ನಾಳೆ ಗ್ರಂಥ ಮರಳಿ ಬಂದೀತೆಂದು, ಯಾರಿಗೂ ಹೇಳದೆ ಕುಳಿತುಬಿಟ್ಟರೆ?

ಇದು ಕೇವಲ ಕಲ್ಪನೆಯ ವಿನೋದವಲ್ಲ. ನಮ್ಮ ಬ್ಯಾಂಕಿನ ಲೆಕ್ಕ, ರೈಲಿನ ಕಾದಿರಿಸುವಿಕೆ, ಆಸ್ಪತ್ರೆಯ ದಾಖಲೆ ಇವೆಲ್ಲ ಇಂದು ಕಂಪ್ಯೂಟರುಗಳಲ್ಲಿ ನೆಲೆಸಿವೆ. ಅಲ್ಲಿಯೂ ಮೂಲಪ್ರತಿ ಉಂಟು, ನಕಲು ಪ್ರತಿ ಉಂಟು, ಹಗಲಿರುಳು ನಕಲು ಮಾಡುವ ಲಿಪಿಕಾರನೂ ಉಂಟು. ಮೂಲಪ್ರತಿ ಇರುವ ಯಂತ್ರದ ವಿಳಾಸ ಬದಲಾದಾಗ ಆ ಲಿಪಿಕಾರನು ಏನು ಮಾಡುತ್ತಾನೆ ಎಂಬುದೇ ಈ ಹೊತ್ತು ನಾನು ತಮ್ಮ ಮುಂದೆ ಇಡಬಯಸುವ ವಿಷಯ.

ಮೊದಲು ಒಂದೆರಡು ಮಾತುಗಳ ಅರ್ಥವನ್ನು ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಮಾಹಿತಿಯನ್ನು ಕ್ರಮವಾಗಿ ಜೋಡಿಸಿ, ಬೇಕೆಂದಾಗ ಹುಡುಕಿ ತೆಗೆಯಲು ಅನುವಾಗುವಂತೆ ಇರಿಸಿದ ಭಂಡಾರವೇ ಡೇಟಾಬೇಸ್. ಅದನ್ನು ಇಟ್ಟುಕೊಂಡು, ಕೇಳಿದವರಿಗೆಲ್ಲ ಒದಗಿಸುವ ಯಂತ್ರ ಸರ್ವರ್. ಒಂದೇ ಸರ್ವರನ್ನು ನೆಚ್ಚಿ ಕುಳಿತರೆ, ಅದು ಕೆಟ್ಟ ದಿನ ಎಲ್ಲವೂ ನಿಲ್ಲುತ್ತದೆ. ಆದುದರಿಂದ ಮೂಲ ಸರ್ವರಿನಲ್ಲಿ ನಡೆದ ಪ್ರತಿಯೊಂದು ಬದಲಾವಣೆಯನ್ನೂ ಬೇರೊಂದು ಸರ್ವರು ಆಗಿಂದಾಗಲೇ ತನ್ನಲ್ಲಿ ನಕಲು ಮಾಡಿಕೊಳ್ಳುವ ಏರ್ಪಾಡು ಮಾಡುತ್ತಾರೆ. ಇದಕ್ಕೆ ರೆಪ್ಲಿಕೇಷನ್ ಎಂದು ಹೆಸರು. ಮೂಲ ಸರ್ವರು ತಾನು ಮಾಡಿದ ಬದಲಾವಣೆಗಳನ್ನು ಒಂದರ ಕೆಳಗೊಂದರಂತೆ ಒಂದು ದಿನಚರಿಯಲ್ಲಿ ಬರೆದಿಡುತ್ತದೆ. ಮೈಎಸ್‌ಕ್ಯೂಎಲ್ ಎಂಬ ಬಹುಪ್ರಚಲಿತ ಡೇಟಾಬೇಸಿನಲ್ಲಿ ಈ ದಿನಚರಿಗೆ ಬೈನರಿ ಲಾಗ್ ಎಂದು ಹೆಸರು. ನಕಲು ಸರ್ವರು ಅದನ್ನು ತರಿಸಿಕೊಂಡು, ಸಾಲುಸಾಲಾಗಿ ಓದಿ, ಅದರಲ್ಲಿ ಹೇಳಿದ ಕೆಲಸವನ್ನೇ ತಾನೂ ಮಾಡುತ್ತದೆ. ಎಲ್ಲಿಯವರೆಗೆ ಬಂದೆನೆಂಬುದನ್ನು ಗುರುತು ಹಾಕಿಟ್ಟುಕೊಳ್ಳುತ್ತದೆ.

ಮೂಲ ಸರ್ವರು ಎಲ್ಲಿದೆಯೆಂಬುದು ನಕಲಿಗೆ ಗೊತ್ತಾಗುವುದು ವಿಳಾಸದಿಂದ. ಜಾಲದಲ್ಲಿರುವ ಪ್ರತಿಯೊಂದು ಯಂತ್ರಕ್ಕೂ ಐಪಿ ವಿಳಾಸವೆಂಬ ಅಂಕಿಗಳ ಗುಂಪು ಇರುತ್ತದೆ. 1981ರಲ್ಲಿ ನಿಗದಿಯಾಗಿ ಇಂದಿಗೂ ವ್ಯಾಪಕವಾಗಿ ಬಳಕೆಯಲ್ಲಿರುವ ಪದ್ಧತಿಯಲ್ಲಿ ಅದು ನಾಲ್ಕು ಸಂಖ್ಯೆಗಳ ಸಾಲು. ಒಂದೊಂದು ಸಂಖ್ಯೆಯೂ 0ಯಿಂದ 255ರ ಒಳಗೆ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಈ ಅಂಕಿಗಳು ಯಂತ್ರದ ಸ್ವಭಾವಕ್ಕೆ ಸೇರಿದವಲ್ಲ. ಅದು ಜಾಲದಲ್ಲಿ ನೆಲೆಸಿರುವ ಸ್ಥಾನಕ್ಕೆ ಸೇರಿದವು. ಯಂತ್ರವನ್ನು ಬೇರೊಂದು ಕಟ್ಟಡಕ್ಕೆ ಒಯ್ದರೆ ವಿಳಾಸ ಬದಲಾಗಬಹುದು. ಕಚೇರಿಯ ಜಾಲವನ್ನು ಹೊಸದಾಗಿ ವಿಂಗಡಿಸಿದರೆ ಬದಲಾಗಬಹುದು. ದೊಡ್ಡ ಕಂಪನಿಗಳಿಂದ ಯಂತ್ರಗಳನ್ನು ಬಾಡಿಗೆಗೆ ಪಡೆಯುವ ಈಗಿನ ಕ್ಲೌಡ್ ಪದ್ಧತಿಯಲ್ಲಂತೂ, ಯಂತ್ರವನ್ನು ನಿಲ್ಲಿಸಿ ಮತ್ತೆ ಹೊರಡಿಸಿದರೆ ಸಾಕು, ಹೊರಗಿನವರಿಗೆ ಕಾಣುವ ವಿಳಾಸ ಬೇರೆಯಾಗುವುದುಂಟು. ಒಳಗಿರುವ ಮಾಹಿತಿ ಮಾತ್ರ ಒಂದಕ್ಷರವೂ ಬದಲಾಗಿರುವುದಿಲ್ಲ.

ವಿಳಾಸ ಬದಲಾದ ಕ್ಷಣದಲ್ಲಿ ಏನಾಗುತ್ತದೆ? ಮೇಲುನೋಟಕ್ಕೆ ಏನೂ ಆಗುವುದಿಲ್ಲ. ಅಪಾಯವಿರುವುದು ಅಲ್ಲಿಯೇ. ಮೂಲ ಸರ್ವರು ಹೊಸ ವಿಳಾಸದಲ್ಲಿ ಸುಖವಾಗಿ ಕೆಲಸ ಮಾಡುತ್ತಿರುತ್ತದೆ. ನಕಲು ಸರ್ವರು ಕೂಡ ಕೆಟ್ಟಿರುವುದಿಲ್ಲ. ಕೇಳಿದವರಿಗೆ ತನ್ನಲ್ಲಿರುವ ಮಾಹಿತಿಯನ್ನು ಎಂದಿನಂತೆ ಕೊಡುತ್ತಿರುತ್ತದೆ. ಆದರೆ ಅದು ಕೊಡುತ್ತಿರುವುದು ನಿನ್ನೆಯ ಮಾಹಿತಿ. ಒಳಗೊಳಗೆ ಅದು ಹಳೆಯ ವಿಳಾಸದ ಬಾಗಿಲನ್ನು ತಟ್ಟುತ್ತಲೇ ಇರುತ್ತದೆ. ಮೈಎಸ್‌ಕ್ಯೂಎಲ್‌ನ 8.0 ಆವೃತ್ತಿಯನ್ನು ತೆಗೆದುಕೊಂಡರೆ, ಯಾರೂ ಬೇರೆ ರೀತಿ ಹೇಳದಿದ್ದಲ್ಲಿ, ಅದು 60 ಸೆಕೆಂಡಿಗೊಮ್ಮೆ, ಒಟ್ಟು 86,400 ಬಾರಿ ಬಾಗಿಲು ತಟ್ಟುತ್ತದೆ. ಲೆಕ್ಕ ಹಾಕಿ ನೋಡಿ: ಪೂರ್ತಿ 60 ದಿನ! ಆದರೆ ಅದೇ ಆವೃತ್ತಿಯಲ್ಲಿ ಮೂಲ ಸರ್ವರು ತನ್ನ ದಿನಚರಿಯನ್ನು ಸಾಮಾನ್ಯವಾಗಿ ಉಳಿಸಿಕೊಳ್ಳುವುದು 30 ದಿನ ಮಾತ್ರ. ಅನಂತರ ಹಳೆಯ ಪುಟಗಳನ್ನು ಅಳಿಸಿಹಾಕುತ್ತದೆ. ಎಂದರೆ, ಬಾಗಿಲು ತಟ್ಟುವವನ ತಾಳ್ಮೆ ತೀರುವುದಕ್ಕೆ ಒಂದು ತಿಂಗಳು ಮೊದಲೇ ಅವನಿಗೆ ಬೇಕಾದ ಗರಿಗಳು ಇಲ್ಲವಾಗಿರುತ್ತವೆ.

ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಇನ್ನೊಂದು ಪ್ರಸಿದ್ಧ ಡೇಟಾಬೇಸಿನಲ್ಲಿ ಅಪಾಯ ಇದಕ್ಕೆ ವಿಲೋಮವಾದುದು. ಅಲ್ಲಿ 'ಸ್ಲಾಟ್' ಎಂಬ ಏರ್ಪಾಡಿದ್ದರೆ, ನಕಲು ಓದದೆ ಉಳಿದ ದಿನಚರಿಯನ್ನು ಮೂಲ ಸರ್ವರು ಅಳಿಸುವುದೇ ಇಲ್ಲ. ಇದು ನಿಷ್ಠೆಯೇನೋ ಹೌದು. ಆದರೆ ಮಿತಿಯನ್ನು ಗೊತ್ತುಮಾಡಿರದಿದ್ದರೆ ಆ ನಿಷ್ಠೆಯೇ ಮುಳುವಾಗಿ, ಓದುವವನಿಲ್ಲದ ದಿನಚರಿ ಬೆಳೆದು ಬೆಳೆದು ಡಿಸ್ಕಿನಲ್ಲಿ ಸ್ಥಳವಿಲ್ಲದಂತಾಗಿ ಮೂಲ ಸರ್ವರೇ ನಿಂತುಹೋಗಬಹುದು.

ಇದರಿಂದ ಜನಸಾಮಾನ್ಯನಿಗೆ ಏನು ಹಾನಿ ಎಂದು ಕೇಳಬಹುದು. ಒಂದು ಸಣ್ಣ ಸಹಕಾರಿ ಬ್ಯಾಂಕನ್ನು ಊಹಿಸಿಕೊಳ್ಳಿ. ಭಾನುವಾರ ಅದರ ಮೂಲ ಸರ್ವರಿನ ವಿಳಾಸ ಬದಲಾಯಿತು, ನಕಲು ನಿಂತಿತು, ಯಾರೂ ಗಮನಿಸಲಿಲ್ಲ. ಸೋಮವಾರದಿಂದ ಬುಧವಾರದವರೆಗೆ ಜನ ಹಣ ಕಟ್ಟಿದರು, ತೆಗೆದರು. ಮಗಳ ಮದುವೆಗೆಂದು ಅಡಕೆ ಮಾರಿದ ಹಣವನ್ನು ಒಬ್ಬರು ಇಟ್ಟು ಹೋದರು. ಗುರುವಾರ ಮೂಲ ಸರ್ವರಿನ ಡಿಸ್ಕು ಕೆಟ್ಟಿತು. ಚಿಂತೆಯಿಲ್ಲ, ನಕಲು ಇದೆಯಲ್ಲ ಎಂದು ಅದನ್ನೇ ಮೂಲವನ್ನಾಗಿ ಏರಿಸಿದರು. ಅದರ ಪ್ರಕಾರ ಇನ್ನೂ ಭಾನುವಾರ! ಮೂರು ದಿನಗಳ ವ್ಯವಹಾರ ನಡೆದೇ ಇಲ್ಲ. ಹಣ ಕಟ್ಟಿದವರ ಕೈಯಲ್ಲಿ ರಸೀದಿಯ ಚೀಟಿಯೊಂದು ಉಳಿದಿದ್ದರೆ ಅದು ಅವರ ಪುಣ್ಯ. ನಕಲು ಇಲ್ಲವೆಂದು ಬಲ್ಲವನು ಎಚ್ಚರದಿಂದಿರುತ್ತಾನೆ. ನಕಲು ಇದೆಯೆಂದು ನಂಬಿ ಇಲ್ಲದವನು ನಿಶ್ಚಿಂತೆಯಿಂದ ಮಲಗುತ್ತಾನೆ. ಎರಡನೆಯವನ ಸ್ಥಿತಿಯೇ ಹೆಚ್ಚು ಶೋಚನೀಯ.

ಹೊಸ ವಿಳಾಸವನ್ನು ತಿಳಿಸಿಬಿಟ್ಟರೆ ಆಯಿತಲ್ಲ ಎನ್ನಬಹುದು. ತಿಳಿಸುವ ಆಜ್ಞೆಯೊಂದು ಇದ್ದೇ ಇದೆ. ಮೈಎಸ್‌ಕ್ಯೂಎಲ್‌ನಲ್ಲಿ ಅದನ್ನು ಬಹುಕಾಲ 'ಚೇಂಜ್ ಮಾಸ್ಟರ್ ಟು' ಎಂದು ಕರೆಯುತ್ತಿದ್ದರು. ಈಚಿನ ಆವೃತ್ತಿಗಳಲ್ಲಿ 'ಚೇಂಜ್ ರೆಪ್ಲಿಕೇಷನ್ ಸೋರ್ಸ್ ಟು' ಎನ್ನುತ್ತಾರೆ. ಆದರೆ ನಮ್ಮ ಲಿಪಿಕಾರನ ಭ್ರಮೆ ನಿಜವಾಗಿ ಕಾಣಿಸಿಕೊಳ್ಳುವುದು ಇಲ್ಲಿಯೇ. ಆ ಆಜ್ಞೆಯಲ್ಲಿ ವಿಳಾಸವನ್ನು ನಮೂದಿಸಿದೊಡನೆ ನಕಲು ಸರ್ವರು, ಮೂಲ ಸರ್ವರೇ ಬೇರೆಯಾಯಿತೆಂದು ತೀರ್ಮಾನಿಸುತ್ತದೆ. ಮೊದಲಿದ್ದ ವಿಳಾಸವನ್ನೇ ಮತ್ತೊಮ್ಮೆ ಬರೆದರೂ ಅದರ ತೀರ್ಮಾನ ಅದೇ. ಮೂಲ ಬೇರೆಯಾದ ಮೇಲೆ ಹಳೆಯ ಗುರುತಿಗೇನು ಬೆಲೆ? ಆದುದರಿಂದ, ಎಲ್ಲಿಂದ ಮುಂದುವರಿಯಬೇಕೆಂಬುದನ್ನು ನಾವು ಆಜ್ಞೆಯಲ್ಲಿಯೇ ಹೇಳದಿದ್ದರೆ, ಮೂಲದಲ್ಲಿ ಉಳಿದಿರುವ ಮೊಟ್ಟಮೊದಲ ದಿನಚರಿಯ ಆರಂಭದಿಂದ ಅದು ಓದತೊಡಗುತ್ತದೆ.

ಹೀಗೆ ಮೊದಲಿನಿಂದ ಓದಿದುದರ ಫಲ ದಿನಚರಿಯ ಬರವಣಿಗೆಯ ರೀತಿಯನ್ನು ಅನುಸರಿಸುತ್ತದೆ. 'ಇಂಥ ಕ್ರಮಸಂಖ್ಯೆಯ ಹೊಸ ಖಾತೆಯನ್ನು ಸೇರಿಸು' ಎಂದಿದ್ದರೆ, ಆ ಸಂಖ್ಯೆಯ ಖಾತೆ ಆಗಲೇ ಇದೆಯೆಂದು ನಕಲು ತಕರಾರು ಮಾಡಿ ನಿಂತುಬಿಡುತ್ತದೆ. ಇದು ಒಳ್ಳೆಯದೇ, ತಪ್ಪು ಬಯಲಿಗೆ ಬಂತು. ಆದರೆ ಹಿಂದೆ ರೂಢಿಯಲ್ಲಿದ್ದ ಕ್ರಮದಂತೆ ಆಜ್ಞೆಗಳನ್ನೇ ದಿನಚರಿಯಲ್ಲಿ ಬರೆದಿದ್ದು, 'ಈ ಖಾತೆಗೆ 500 ರೂಪಾಯಿ ಕೂಡಿಸು' ಎಂದಿದ್ದರೆ, ಅದು ತಕರಾರಿಲ್ಲದೆ ಎರಡನೆಯ ಸಲವೂ 500 ರೂಪಾಯಿ ಕೂಡಿಸುತ್ತದೆ. ಮೂಲದ ಲೆಕ್ಕ ಒಂದು, ನಕಲಿನ ಲೆಕ್ಕ ಇನ್ನೊಂದು. ನಿಂತುಹೋದ ನಕಲಿಗಿಂತ ಸದ್ದಿಲ್ಲದೆ ತಪ್ಪುತ್ತಿರುವ ನಕಲು ಭಯಂಕರವಾದುದು ಎಂಬುದನ್ನು ಗ್ರಂಥಸಂಪಾದನೆ ಮಾಡಿದವರಿಗೆ ಬೇರೆ ಹೇಳಬೇಕಾಗಿಲ್ಲ. ಅರ್ಥವಾಗದ ಪಾಠ ಸಂಪಾದಕನನ್ನು ತಡೆದು ನಿಲ್ಲಿಸುತ್ತದೆ. ಅರ್ಥ ಕೊಡುವ ತಪ್ಪು ಪಾಠ ಅವನನ್ನು ದಾಟಿ ಹೋಗುತ್ತದೆ.

ಆದುದರಿಂದ ಅನುಭವಿಗಳು ವಿಳಾಸ ಬದಲಿಸುವ ಮೊದಲು ನಕಲನ್ನು ನಿಲ್ಲಿಸಿ, ಅದು ಎಲ್ಲಿಯವರೆಗೆ ಬಂದಿತ್ತೆಂಬುದನ್ನು ಕಾಗದದ ಮೇಲೆ ಬರೆದುಕೊಂಡು, ಹೊಸ ವಿಳಾಸದ ಜೊತೆಗೆ ಅದನ್ನೂ ಆಜ್ಞೆಯಲ್ಲಿ ಕೊಡುತ್ತಾರೆ. ಇಲ್ಲಿಯೂ ಒಂದು ಸೂಕ್ಷ್ಮವುಂಟು. ನಕಲು ಸರ್ವರಿನಲ್ಲಿ ಎರಡು ಗುರುತುಗಳಿರುತ್ತವೆ: ದಿನಚರಿಯನ್ನು ಎಲ್ಲಿಯವರೆಗೆ ತರಿಸಿಕೊಂಡಿದೆ ಎಂಬುದೊಂದು, ಎಲ್ಲಿಯವರೆಗೆ ಅದರಂತೆ ಕೆಲಸ ಮಾಡಿ ಮುಗಿಸಿದೆ ಎಂಬುದು ಇನ್ನೊಂದು. ತರಿಸಿಕೊಂಡು ಇನ್ನೂ ಮಾಡದೆ ಉಳಿದ ಭಾಗವನ್ನು ಈ ಆಜ್ಞೆ ಸಾಮಾನ್ಯವಾಗಿ ಎಸೆದುಬಿಡುತ್ತದೆ. ಆದುದರಿಂದ ಬರೆದುಕೊಳ್ಳಬೇಕಾದುದು ಎರಡನೆಯ ಗುರುತನ್ನು. ಮೊದಲನೆಯದನ್ನು ಕೊಟ್ಟರೆ ನಡುವಣ ಗರಿಗಳು ಎಂದೆಂದಿಗೂ ನಕಲಾಗದೆ ಉಳಿಯುತ್ತವೆ. ಓದಿದ್ದು ಬೇರೆ, ಮಾಡಿದ್ದು ಬೇರೆ. ಈ ವಿವೇಕ ಯಂತ್ರಗಳ ವಿಷಯದಲ್ಲಿಯೂ ಬೇಕಾಗುತ್ತದೆ.

ಈ ತೊಡಕಿನ ಬೇರು ಎಲ್ಲಿದೆ? ವಿಳಾಸವನ್ನೇ ಗುರುತೆಂದು ಭಾವಿಸಿದುದರಲ್ಲಿದೆ. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿಯನ್ನು ತಂಜಾವೂರು ಪ್ರಾಂತದ ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯ ಪುಸ್ತಕ ಭಂಡಾರಕ್ಕೆ ಒಪ್ಪಿಸಿದರು. ಆರ್. ಶಾಮಶಾಸ್ತ್ರಿಗಳು ಅದನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ಪ್ರತಿ ಊರು ಬಿಟ್ಟು ಊರಿಗೆ ಬಂದಿತ್ತು. ಆದರೆ ಅದು ಇಂಥ ಗ್ರಂಥವೆಂದು ಅವರು ತಿಳಿದದ್ದು ಗರಿಗಳ ಒಳಗಿದ್ದುದನ್ನು ಓದಿ, ಅದು ಬಂದ ಊರನ್ನು ಕೇಳಿಯಲ್ಲ. ಡೇಟಾಬೇಸುಗಳನ್ನು ರಚಿಸಿದವರೂ ಕಾಲಕ್ರಮದಲ್ಲಿ ಈ ಮಾರ್ಗಕ್ಕೇ ಬಂದರು.

ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ಡೇಟಾಬೇಸ್ ಮೊದಲು ಸೃಷ್ಟಿಯಾಗುವಾಗಲೇ ಅದಕ್ಕೆ ದೊಡ್ಡದೊಂದು ಗುರುತಿನ ಸಂಖ್ಯೆ ಹುಟ್ಟುತ್ತದೆ. ನಕಲು ಸರ್ವರು ಮೂಲದೊಡನೆ ಮಾತಿಗೆ ತೊಡಗುವಾಗ ಮೊದಲು ಆ ಸಂಖ್ಯೆಯನ್ನು ಕೇಳಿ ತನ್ನದರೊಂದಿಗೆ ಹೋಲಿಸುತ್ತದೆ. ಹೊಂದದಿದ್ದರೆ ನಕಲು ಮಾಡಲು ಒಪ್ಪುವುದಿಲ್ಲ. ಹೊಂದಿದರೆ, ವಿಳಾಸ ಯಾವುದಾದರೇನು, ತಾನು ನಿಂತ ಸ್ಥಾನದಿಂದ ಮುಂದುವರಿಯುತ್ತದೆ. 2020ರಲ್ಲಿ ಬಂದ 13ನೆಯ ಆವೃತ್ತಿಯಿಂದೀಚೆಗೆ, ಹೊಸ ವಿಳಾಸವನ್ನು ತಿಳಿಸಲು ನಕಲು ಸರ್ವರನ್ನು ನಿಲ್ಲಿಸಿ ಹೊರಡಿಸುವ ಅಗತ್ಯವೂ ಉಳಿದಿಲ್ಲ.

ಮೈಎಸ್‌ಕ್ಯೂಎಲ್ 2013ರಲ್ಲಿ ಬಂದ 5.6 ಆವೃತ್ತಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. ಪ್ರತಿಯೊಂದು ಸರ್ವರಿಗೂ ತನ್ನದೇ ಆದ ಒಂದು ಗುರುತು. ಅದರಲ್ಲಿ ನಡೆದ ಪ್ರತಿಯೊಂದು ವ್ಯವಹಾರಕ್ಕೂ ಆ ಗುರುತಿನ ಜೊತೆಗೆ ಒಂದು ಕ್ರಮಸಂಖ್ಯೆ. ಇದನ್ನು ಸಂಕ್ಷೇಪವಾಗಿ ಜಿಟಿಐಡಿ ಎನ್ನುತ್ತಾರೆ. ಈ ಕ್ರಮವನ್ನು ಅಳವಡಿಸಿ, ಸ್ಥಾನವನ್ನು ತಾನೇ ಹುಡುಕಿಕೊಳ್ಳುವಂತೆ ಏರ್ಪಡಿಸಿದ್ದರೆ, ನಕಲು ಸರ್ವರು ತಾನು ಇಂಥಿಂಥ ವ್ಯವಹಾರಗಳನ್ನು ಮುಗಿಸಿದ್ದೇನೆಂದು ಪಟ್ಟಿ ಕೊಡುತ್ತದೆ. ಪಟ್ಟಿಯಲ್ಲಿ ಇಲ್ಲದುದನ್ನು ಮಾತ್ರ ಮೂಲವು ಕಳುಹಿಸುತ್ತದೆ. ಕಾಗದದ ಮೇಲೆ ಸ್ಥಾನ ಬರೆದುಕೊಳ್ಳುವ ತಾಪತ್ರಯವಿಲ್ಲ. ಇದರಲ್ಲಿಯೂ ಎಚ್ಚರ ತಪ್ಪುವಂತಿಲ್ಲ. ಸರ್ವರಿನ ಗುರುತು ಅದರ ಡಿಸ್ಕಿನ ಸಣ್ಣ ಕಡತವೊಂದರಲ್ಲಿ ಇರುತ್ತದೆ. ಇಡೀ ಡಿಸ್ಕನ್ನೇ ಪಡಿಯಚ್ಚು ತೆಗೆದು ಎರಡನೆಯ ಸರ್ವರನ್ನು ಕಟ್ಟಿದರೆ ಆ ಕಡತವೂ ಜೊತೆಗೇ ಬರುತ್ತದೆ. ಆಗ ವಿಳಾಸ ಎರಡು, ಗುರುತು ಒಂದೇ! ಮೂಲವೂ ತಾನೂ ಒಂದೇ ಎಂದು ಕಂಡು ನಕಲು ಕೆಲಸ ನಿಲ್ಲಿಸುತ್ತದೆ. ಒಬ್ಬನೇ ವ್ಯಕ್ತಿಗೆ ಎರಡು ಮನೆಯಿರಬಹುದು. ಇಬ್ಬರು ವ್ಯಕ್ತಿಗಳಿಗೆ ಒಂದೇ ಗುರುತು ಸಲ್ಲದು.

ರೆಡಿಸ್ ಎಂಬ ಡೇಟಾಬೇಸಿನ ಕ್ಲಸ್ಟರ್ ಪದ್ಧತಿ, 2015ರಲ್ಲಿ ಬಳಕೆಗೆ ಬಂದದ್ದು, ಇನ್ನೂ ಕುತೂಹಲಕರವಾದುದು. ಅಲ್ಲಿ ಹಲವು ಸರ್ವರುಗಳು ಒಂದು ಬಳಗವಾಗಿ ಬಾಳುತ್ತವೆ. ಪ್ರತಿಯೊಂದಕ್ಕೂ 40 ಅಕ್ಷರಗಳ ಒಂದು ಹೆಸರು. ವಿಳಾಸ ಬದಲಾದರೂ ಆ ಹೆಸರು ಬದಲಾಗದು. ಬಳಗದವರು ತಮ್ಮ ತಮ್ಮಲ್ಲಿ ಸದಾ ಸುದ್ದಿ ಹಂಚಿಕೊಳ್ಳುತ್ತಿರುತ್ತಾರೆ. ಯಂತ್ರಶಾಸ್ತ್ರಜ್ಞರು ಈ ಕ್ರಮಕ್ಕೆ ಗಾಸಿಪ್, ಎಂದರೆ ಹರಟೆ, ಎಂದೇ ಹೆಸರಿಟ್ಟಿದ್ದಾರೆ. ಮನೆ ಬದಲಿಸಿದವನು ಹಳೆಯ ಪರಿಚಿತನೊಬ್ಬನನ್ನು ಮಾತನಾಡಿಸಿದರೆ ಸಾಕು. ಹೆಸರಿನಿಂದ ಅವನನ್ನು ಗುರುತಿಸಿ, ಇವನೀಗ ಇಂಥಲ್ಲಿದ್ದಾನೆಂಬ ಸುದ್ದಿ ಬಳಗದಲ್ಲೆಲ್ಲ ಹರಡುತ್ತದೆ. ಆದರೆ ಬಳಗದವರೆಲ್ಲರೂ ಒಂದೇ ರಾತ್ರಿ ಮನೆ ಬದಲಿಸಿದರೆ ಯಾರು ಯಾರಿಗೆ ಹೇಳಬೇಕು? ಆಗ ಹೊರಗಿನವರು ಬಂದು ಮರುಪರಿಚಯ ಮಾಡಿಸಬೇಕಾಗುತ್ತದೆ.

ಇನ್ನೊಂದು ಸುಲಭೋಪಾಯವೆಂದರೆ ಅಂಕಿಯ ವಿಳಾಸವನ್ನು ಬರೆಯದೆ ಹೆಸರನ್ನು ಬರೆಯುವುದು. ಹಿಂದೆ ಅಮೆರಿಕದ ಜಾಲದಲ್ಲಿದ್ದ ಯಂತ್ರಗಳ ಹೆಸರು-ವಿಳಾಸಗಳೆಲ್ಲ ಕ್ಯಾಲಿಫೋರ್ನಿಯಾದ ಸಂಸ್ಥೆಯೊಂದು ನಿರ್ವಹಿಸುತ್ತಿದ್ದ ಒಂದೇ ಕಡತದಲ್ಲಿದ್ದವು. ಉಳಿದವರು ಅದನ್ನು ನಕಲು ಮಾಡಿಕೊಳ್ಳುತ್ತಿದ್ದರು. ಯಂತ್ರಗಳು ಹೆಚ್ಚಿದಂತೆ ಇದು ಅಸಾಧ್ಯವಾಗಿ, 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬವರು ಡಿಎನ್ಎಸ್ ಎಂಬ ಹಂಚಿಕೆಯ ಪದ್ಧತಿಯನ್ನು ರೂಪಿಸಿದರು. ಇದರಂತೆ ನಕಲು ಸರ್ವರಿಗೆ ಹೆಸರನ್ನು ಮಾತ್ರ ಹೇಳಿಟ್ಟರೆ, ಪ್ರತಿ ಸಲ ಸಂಪರ್ಕ ಕಟ್ಟುವಾಗಲೂ ಅದು ಆ ಹೆಸರಿನ ಈಗಿನ ವಿಳಾಸವೇನೆಂದು ವಿಚಾರಿಸಿಕೊಳ್ಳುತ್ತದೆ. ಮೂಲ ಸರ್ವರು ಸ್ಥಳ ಬದಲಿಸಿದಾಗ ಡಿಎನ್ಎಸ್‌ನಲ್ಲಿ ಒಂದು ಸಾಲನ್ನು ತಿದ್ದಿದರೆ ಮುಗಿಯಿತು. ನಕಲಿನಲ್ಲಿ ಏನನ್ನೂ ಮುಟ್ಟಬೇಕಾಗಿಲ್ಲ. ಅದರ ಹಳೆಯ ಗುರುತೂ ಅಳಿಯುವುದಿಲ್ಲ. ಮೊಂಗೋಡಿಬಿ ಎಂಬ ಡೇಟಾಬೇಸಿನಲ್ಲಿಯೂ, ಸದಸ್ಯ ಸರ್ವರಿಗೆ ಬರಿಯ ಐಪಿ ವಿಳಾಸವನ್ನು ಬರೆಯುವುದಕ್ಕಿಂತ ಹೆಸರನ್ನು ಬರೆಯುವುದೇ ಒಳ್ಳೆಯದು.

ಹೆಸರಿಗೂ ಒಂದು ಮಿತಿಯುಂಟು. ಒಮ್ಮೆ ಕೇಳಿ ತಿಳಿದ ವಿಳಾಸವನ್ನು ಜಾಲದ ನಡುವಣವರು ಸ್ವಲ್ಪ ಕಾಲ ನೆನಪಿಟ್ಟುಕೊಂಡಿರುತ್ತಾರೆ. ಆ ಅವಧಿ ಒಂದು ದಿನವೆಂದು ನಿಗದಿಯಾಗಿದ್ದರೆ, ಬದಲಾವಣೆಯಾದ ಮೇಲೂ ಒಂದು ದಿನದವರೆಗೆ ಹಳೆಯ ವಿಳಾಸವನ್ನೇ ಹೇಳುವವರು ಇರುತ್ತಾರೆ. ಆದುದರಿಂದ ಸ್ಥಳಾಂತರಕ್ಕೆ ಒಂದೆರಡು ದಿನ ಮುಂಚೆಯೇ ಆ ಅವಧಿಯನ್ನು ಐದು ನಿಮಿಷಕ್ಕೆ ಇಳಿಸಿ, ಎಲ್ಲ ಮುಗಿದ ಮೇಲೆ ಮೊದಲಿನಂತೆ ಏರಿಸುವುದು ಜಾಣತನ. ಇನ್ನು, ಸ್ಥಳ ಬದಲಿಸಿದ್ದು ನಕಲು ಸರ್ವರಾದರೆ ತೊಡಕು ಬೇರೆ ಬಗೆಯದು. ಮೂಲ ಸರ್ವರಿನ ಬಾಗಿಲಲ್ಲಿ, ಇಂಥ ವಿಳಾಸದಿಂದ ಬಂದವರನ್ನು ಮಾತ್ರ ಒಳಗೆ ಬಿಡು ಎಂಬ ಪಟ್ಟಿ ಇರುವುದುಂಟು. ಗುಪ್ತಪದ ಸರಿಯಿದ್ದರೂ, ಪಟ್ಟಿಯಲ್ಲಿಲ್ಲದ ವಿಳಾಸದಿಂದ ಬಂದವನು ಹೊರಗೇ ಉಳಿಯುತ್ತಾನೆ. ಪಟ್ಟಿಯನ್ನು ಮುಂಚಿತವಾಗಿಯೇ ತಿದ್ದಿರಬೇಕು.

ಕೊನೆಯದಾಗಿ ಒಂದು ಎಚ್ಚರಿಕೆಯ ಮಾತು. ಬಿಟ್ಟುಬಂದ ವಿಳಾಸ ಎಂದೆಂದಿಗೂ ಖಾಲಿ ಇರುವುದಿಲ್ಲ. ನಾಳೆ ಅದನ್ನು ಬೇರೊಂದು ಯಂತ್ರಕ್ಕೆ ಕೊಡಬಹುದು. ಅಲ್ಲಿ ಬಾಗಿಲು ತೆರೆದವರನ್ನೆಲ್ಲ ಮೂಲವೆಂದು ನಂಬಿ ಮಾತಿಗಿಳಿಯುವ ನಕಲು ಮೋಸಹೋಗಬಹುದು. ಆದುದರಿಂದ, ಬಾಗಿಲು ತೆರೆದವನು ಯಾರೆಂಬುದನ್ನು ಪ್ರಮಾಣಪತ್ರದ ಮೂಲಕ ಪರೀಕ್ಷಿಸುವ ಸೌಕರ್ಯ ಈ ಡೇಟಾಬೇಸುಗಳಲ್ಲಿ ಇದೆ. ಆದರೆ ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್‌ಕ್ಯೂಎಲ್ ಎರಡರಲ್ಲಿಯೂ ಈ ಪರೀಕ್ಷೆ ತಾನಾಗಿ ನಡೆಯುವುದಿಲ್ಲ. ಬೇಕೆಂದು ಹೇಳಿ ಮಾಡಿಸಬೇಕಾಗುತ್ತದೆ.

ಒಟ್ಟಿನಲ್ಲಿ ಹೇಳಬೇಕಾದುದು ಇಷ್ಟೆ. ನಕಲು ಮಾಡುವವನ ಮುಂದೆ ಮೂರು ಪ್ರಶ್ನೆಗಳಿವೆ: ಮೂಲ ಯಾವುದು, ಅದು ಎಲ್ಲಿದೆ, ನಾನು ಎಲ್ಲಿಯವರೆಗೆ ಬಂದಿದ್ದೇನೆ. ಈ ಮೂರಕ್ಕೂ ಬೇರೆ ಬೇರೆಯಾಗಿ ಉತ್ತರವನ್ನು ಇಟ್ಟುಕೊಂಡ ವ್ಯವಸ್ಥೆಯಲ್ಲಿ, ಎರಡನೆಯದು ಬದಲಾದರೆ ಉಳಿದೆರಡಕ್ಕೆ ಧಕ್ಕೆಯಿಲ್ಲ. ಮೂರನ್ನೂ ಕಲಸಿ ಒಂದೇ ವಿಳಾಸದಲ್ಲಿ ಅಡಗಿಸಿದ ವ್ಯವಸ್ಥೆಯಲ್ಲಿ ಒಂದು ಅಂಕಿ ಬದಲಾದರೂ ಎಲ್ಲವೂ ಕೈತಪ್ಪುತ್ತದೆ. ಯಾವ ವ್ಯವಸ್ಥೆಯಾದರೂ, ನಕಲು ನಡೆಯುತ್ತಿದೆಯೆ, ಅದರ ಕೊನೆಯ ಸಾಲು ಇಂದಿನದೆ ಎಂದು ದಿನಕ್ಕೊಮ್ಮೆ ನೋಡುವ ಒಂದು ಜೊತೆ ಕಣ್ಣು ಬೇಕೇ ಬೇಕು. ನಮ್ಮ ಹಳೆಯ ಲಿಪಿಕಾರರು ಪ್ರತಿಯ ಕೊನೆಯಲ್ಲಿ ಬರೆದು ಮುಗಿಸಿದ ಸಂವತ್ಸರ, ಮಾಸ, ತಿಥಿಗಳನ್ನು ಬರೆದಿಡುತ್ತಿದ್ದರು. ಆ ಒಂದು ಸಾಲಿನಿಂದ, ಪ್ರತಿ ಯಾವ ಭಂಡಾರದಲ್ಲಿ ಸಿಕ್ಕಿದರೂ ಅದು ಯಾವ ಕಾಲದ್ದೆಂದು ತಿಳಿಯಿತು. ಇಂದಿನ ಯಂತ್ರಗಳಿಗೂ ಅದೇ ಸಾಲು ಬೇಕಾಗಿದೆ. ಅದನ್ನು ಓದುವ ಶ್ರದ್ಧೆ ಮಾತ್ರ ನಮ್ಮದಾಗಬೇಕು.

(ಬಾನುಲಿ ಭಾಷಣ)